ಮೂರನೆಯ ಚೂರು

"ಇದು ಯಾರ ಬಾಯಿ?"

ಕೇಳಿದ್ದು ಮೇಣದಕ್ಕ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಣ ಕರಗಿಸುವ ಪೆಟ್ಟಿಗೆ ಮೂಲೆಯಲ್ಲಿ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಬೆಳಗಿನ ಹತ್ತರ ಬಿಸಿಲು ಎದುರು ಕಟ್ಟಡದ ಗೋಡೆಗೆ ಆತುಕೊಂಡಿತ್ತು. ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿದಳು. ಗಾಜಿನ ಮೇಲೆ ಮೂರು ಚೂರುಗಳಿದ್ದವು. ಮೂರನೆಯದರ ಬುಡದಲ್ಲಿ ನಾಲ್ಕೈದು ಸ್ನಾಯುವಿನ ಎಳೆಗಳು. ಎಳೆಗಳ ಮೇಲೆ ಅಡ್ಡಡ್ಡ ಗೆರೆಗಳು, ಬಾಚಣಿಗೆಯ ಹಲ್ಲಿನಷ್ಟು ಒತ್ತಾಗಿ. ಅಂಥ ಗೆರೆಯ ಸ್ನಾಯು ನಾಲಿಗೆಯಲ್ಲಿರುತ್ತದೆ, ತೋಳಿನಲ್ಲಿರುತ್ತದೆ. ಗರ್ಭಕಂಠದಲ್ಲಿ ಇರುವುದಿಲ್ಲ. ಸ್ಲೈಡಿನ ಚೀಟಿಯ ಮೇಲೆ ಬರೆದಿದ್ದದ್ದು ಗರ್ಭಕಂಠ ಎಂದು.

ಈ ಪ್ರಯೋಗಾಲಯಕ್ಕೆ ಅವಳು ಬಂದು ಇಪ್ಪತ್ತಾರು ವರ್ಷ. ಆಸ್ಪತ್ರೆಗಳಿಂದ ಬರುವ ಮಾಂಸದ ಚೂರುಗಳನ್ನು ಮೇಣದಲ್ಲಿ ಕೂರಿಸಿ ಬ್ಲಾಕು ಮಾಡುವುದು, ಆ ಬ್ಲಾಕನ್ನು ಕೂದಲಿಗಿಂತ ತೆಳ್ಳಗೆ ಕೊಯ್ಯುವುದು, ಕೊಯ್ದ ಎಲೆಯನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಬಿಡಿಸಿ ಗಾಜಿನ ಮೇಲೆ ಎತ್ತಿಕೊಳ್ಳುವುದು, ಆಮೇಲೆ ಬಣ್ಣ ಕಟ್ಟುವುದು. ಓದಿ ಹೇಳುವ ಕೆಲಸ ಡಾಕ್ಟರದು. ಆದರೂ ಪ್ರತಿ ಸ್ಲೈಡನ್ನು ಮೇಲೆ ಕಳಿಸುವ ಮೊದಲು ಒಂದು ಸಲ ತಾನೂ ನೋಡುವುದು ಅವಳ ರೂಢಿ. ಮಗಳನ್ನು ಶಾಲೆಗೆ ಕಳಿಸುವ ಮೊದಲು ತಲೆ ಬಾಚಿದೆಯೇ ಎಂದು ನೋಡಿದ ಹಾಗೆ. ಮಗಳು ಇರಲಿಲ್ಲ. ಮದುವೆಯೂ ಆಗಿರಲಿಲ್ಲ. ಮಾತು ಕಡಿಮೆ. ಮೇಣ ಕರಗುವುದು ಅರವತ್ತು ಡಿಗ್ರಿಗೆ, ನಮ್ಮಕ್ಕ ಅಷ್ಟಕ್ಕೂ ಕರಗಲ್ಲ ಎಂದು ಕೌಂಟರಿನವನು ಬಂದವರಿಗೆಲ್ಲ ಹೇಳುತ್ತಿದ್ದ. ಆ ಹೆಸರು ಇಟ್ಟವನೂ ಅವನೇ.

ಸ್ಲೈಡು ಒಂಬತ್ತು ದಿನ ಹಳೆಯದು. ಇಪ್ಪತ್ತೊಂಬತ್ತು ವರ್ಷದ ಹೆಂಗಸಿನದು. ಕ್ಯಾನ್ಸರು, ಆಳಕ್ಕೆ ಇಳಿದಿದೆ ಎಂದು ರಿಪೋರ್ಟು ಹೋಗಿಯಾಗಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಗರ್ಭಕೋಶ ತೆಗೆಯುವ ಆಪರೇಷನ್ನು. ಯಾವುದಕ್ಕೂ ಇರಲಿ ಎಂದು ಸರ್ಜನ್ನರು ಇನ್ನೊಂದು ಪರೀಕ್ಷೆ ಕೇಳಿದ್ದರು; ವೈರಸ್ಸಿನಿಂದ ಬಂದದ್ದೇ ಎಂದು ತೋರಿಸುವ ಬಣ್ಣದ ಪರೀಕ್ಷೆ, ಪಿ-ಸಿಕ್ಸ್‌ಟೀನ್ ಎಂದು ಅದರ ಹೆಸರು. ಅದಕ್ಕಾಗಿ ನಿನ್ನೆ ಅದೇ ಬ್ಲಾಕನ್ನು ಹೊಸದಾಗಿ ಕೊಯ್ದಿದ್ದಳು. ಹೊಸ ಸ್ಲೈಡಿನಲ್ಲಿ ಎರಡು ಚೂರುಗಳಿದ್ದವು. ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟಾಗ ಮೂರು. ಬ್ಲಾಕನ್ನು ಬೆಳಕಿಗೆ ಹಿಡಿದಳು. ಮೇಣದೊಳಗೆ ಅಕ್ಕಿಕಾಳಿನಂಥ ಎರಡೇ ನೆರಳುಗಳು.

ಪಿ-ಸಿಕ್ಸ್‌ಟೀನಿನ ಕಥೆಯನ್ನು ಡಾಕ್ಟರು ಅವಳಿಗೆ ಹಿಂದೊಮ್ಮೆ ಹೇಳಿದ್ದರು. ನಿವೃತ್ತಿಯಾಗಿ, ಬದಲಿಗೆ ಯಾರೂ ಸಿಗದೆ, ಮತ್ತೆ ಅದೇ ಕುರ್ಚಿಗೆ ಬಂದು ಕೂತ ಮುದುಕ. ಪಾಠವನ್ನೂ ಕಥೆಯಂತೆ ಹೇಳುವ ಜನ.

"ಸಾಕು, ಬೆಳೆದದ್ದು ಸಾಕು ಅಂತ ಹೇಳೋ ಕಾವಲುಗಾರ ಒಂದೊಂದು ಜೀವಕೋಶದಲ್ಲೂ ಇರ್ತಾನೆ ಕಣಮ್ಮ. ಈ ವೈರಸ್ಸು ಒಳಗೆ ಬಂದು ಮೊದಲು ಅವನನ್ನ ಮುಗಿಸತ್ತೆ. ಮನೇಲಿ ನಾಯಿ ಇರತ್ತಲ್ಲ, ಅದು ಬೊಗಳೋಕೆ ಶುರು ಮಾಡತ್ತೆ. ಏಳಬೇಕಾದವನು ಸತ್ತಿದಾನೆ, ಅದಕ್ಕೇನು ಗೊತ್ತು. ಬೊಗಳ್ತಾನೇ ಇರತ್ತೆ. ನೀವು ಕಂದು ಬಣ್ಣ ಹಾಕಿ ತೋರಿಸ್ತೀರಲ್ಲ, ಅದು ಆ ಬೊಗಳೋ ಸದ್ದು."

ಬಾಯಿಯ ಕ್ಯಾನ್ಸರಿನಲ್ಲೂ ಹೀಗೆಯೇನಾ ಸಾರ್ ಎಂದು ಅವಳು ಕೇಳಿದ್ದಳು. ಹೊಗೆಸೊಪ್ಪಿನಿಂದ ಕೆಟ್ಟ ಬಾಯಿಯದು ಬೇರೆ ಕಥೆ ಎಂದಿದ್ದರು ಅವರು. ಅಲ್ಲಿ ಸಾಮಾನ್ಯವಾಗಿ ಕಳ್ಳ ನಾಯಿಯನ್ನೇ ಮೊದಲು ಕೊಂದಿರುತ್ತಾನೆ. ಮನೆ ಸದ್ದಿಲ್ಲದೆ ಹೋಗುತ್ತದೆ, ಬಣ್ಣ ಏರುವುದಿಲ್ಲ. ಅಂದು ಸಂಜೆ ತನ್ನ ಮನೆಯ ಬೀಗ ತೆಗೆಯುವಾಗ ಅವಳಿಗೆ ಆ ಎರಡನೆಯ ಮನೆ ನೆನಪಾಗಿತ್ತು.

ಹೊಸ ಸ್ಲೈಡಿನಲ್ಲಿ ಕಂದು ಬಣ್ಣ ದಟ್ಟವಾಗಿ ಏರಿತ್ತು. ಆದರೆ ಅದು ಮೇಲ್ಪದರದೊಳಗೇ ನಿಂತಿತ್ತು. ಪದರದ ಕೆಳಗೆ ನೆಲದ ಗೆರೆ ಎಲ್ಲೂ ಒಡೆಯದೆ, ಹೊಲಿಗೆಯಂತೆ ನೇರವಾಗಿ ಓಡಿತ್ತು. ಎಂದರೆ ಕೆಡುಕು ಹೊಸಿಲವರೆಗೆ ಬಂದಿತ್ತು, ಒಳಗೆ ಇಳಿದಿರಲಿಲ್ಲ. ಕೆಟ್ಟಷ್ಟು ಜಾಗವನ್ನು ಉಂಗುರದಂತೆ ಕೊಯ್ದು ತೆಗೆದರೆ ಆಯಿತು. ಗರ್ಭಕೋಶಕ್ಕೆ ಕೈ ಹಚ್ಚುವ ಅಗತ್ಯವಿಲ್ಲ. ಆಳಕ್ಕಿಳಿದದ್ದು ಇದ್ದದ್ದು ಮೂರನೆಯ ಚೂರಿನಲ್ಲಿ ಮಾತ್ರ, ಮತ್ತು ಆ ಚೂರು ಈ ಹೆಂಗಸಿನದಲ್ಲ.

ಅವಳು ಎರಡು ಸ್ಲೈಡು, ಒಂದು ಬ್ಲಾಕು ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಮೊದಲು ಹಳೆಯದು, ಆಮೇಲೆ ಹೊಸದು, ಮತ್ತೆ ಹಳೆಯದು. ಬ್ಲಾಕನ್ನು ಕಿಟಕಿಗೆ ಹಿಡಿದರು. ಅವರ ಕುತ್ತಿಗೆಯ ಹಿಂದೆ ಬೆವರು ಕೂತದ್ದು ಅವಳಿಗೆ ಕಂಡಿತು.

"ಮೂರನೇದು ಎಲ್ಲಿಂದ ಬಂತು?"

"ನೀರಿಂದ ಸಾರ್."

ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಒಂದು ಬ್ಲಾಕು ಮುಗಿದು ಇನ್ನೊಂದಕ್ಕೆ ಹೋಗುವ ಮೊದಲು ಕಾಗದದ ಪಟ್ಟಿಯೊಂದನ್ನು ನೀರಿನ ಮೇಲೆ ಎಳೆಯಬೇಕು. ಹಾಲಿನ ಕೆನೆ ತೆಗೆದಂತೆ, ಹಿಂದಿನವರ ಎಳೆಯೇನಾದರೂ ತೇಲುತ್ತಿದ್ದರೆ ಅದು ಬಂದುಬಿಡಬೇಕು. ಎಳೆಯದಿದ್ದರೆ ಒಬ್ಬರ ದೇಹ ಇನ್ನೊಬ್ಬರ ಗಾಜಿಗೆ ಹತ್ತಿಕೊಳ್ಳುತ್ತದೆ. ಮಿಕ್ಕ ದಿನ ಅದು ಕಣ್ಣಿಗೆ ಹೊಡೆಯುತ್ತದೆ. ಕರುಳಿನ ಚೂರು ಚರ್ಮದ ಸ್ಲೈಡಿಗೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಬಾಯಿಗೂ ಬಸಿರ ಬಾಗಿಲಿಗೂ ದೇವರು ಒಂದೇ ಬಟ್ಟೆ ಹೊದಿಸಿ ಕಳಿಸಿದ್ದಾನೆ. ಪದರದ ಮೇಲೆ ಪದರ, ಅದೇ ಚಪ್ಪಟೆ ಕೋಶಗಳು, ಅದೇ ನೇಯ್ಗೆ. ಎರಡು ಚೂರಿನ ಪಕ್ಕ ಮೂರನೆಯದು ಮನೆಯವರ ಹಾಗೇ ಕೂತಿತ್ತು.

ಡಾಕ್ಟರು ಸರ್ಜನ್ನರಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಮೂರನೆಯ ಸಲ ಯಾರೋ ನರ್ಸು ಎತ್ತಿ, ಅವರು ಥಿಯೇಟರಿನಲ್ಲಿದ್ದಾರೆ, ಸಂಜೆ ಮಾಡಿ ಎಂದಳು. ಸಂಜೆ ಮಾಡಿದರೆ ಯಾರು ಎತ್ತುತ್ತಾರೋ, ಯಾರು ಹೇಳುತ್ತಾರೋ. ಡಾಕ್ಟರು ಎದ್ದು ಮೇಜಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿಕೊಂಡರು. ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿದರು. ಆಸ್ಪತ್ರೆ ಎರಡು ಬೀದಿ ಆಚೆ. ಥಿಯೇಟರಿನ ಬಾಗಿಲಲ್ಲೇ ಕೂತಿರುತ್ತೇನೆ, ಹೊರಗೆ ಬರಲೇಬೇಕಲ್ಲ ಎಂದು ಹೇಳಿ ಹೋದರು.

ಅವರು ಬರುವವರೆಗಿನ ಎರಡು ಗಂಟೆಯಲ್ಲಿ ಅವಳು ಹಳೆಯ ಸ್ಲೈಡು ಮಾಡಿದ ದಿನದ ಪಟ್ಟಿ ತೆಗೆದಳು. ಗರ್ಭಕಂಠಕ್ಕೆ ಮೊದಲು ಕೊಯ್ದದ್ದು ನಾಲಿಗೆಯ ಅಂಚು. ಗಂಡಸು, ಅರವತ್ತೊಂದು. ಆ ಬ್ಲಾಕನ್ನು ಹುಡುಕಿ, ಒಂದು ಎಲೆ ಕೊಯ್ದು, ಬಣ್ಣ ಕಟ್ಟಿ ನೋಡಿದಳು. ಒಂದು ಮೂಲೆಯಲ್ಲಿ ಅದೇ ಗೆರೆಯ ಸ್ನಾಯು, ಅದೇ ಕೆಡುಕು. ಆ ಮನುಷ್ಯನ ರಿಪೋರ್ಟು ಸರಿಯಾಗಿಯೇ ಹೋಗಿತ್ತು. ಇಷ್ಟು ಹೊತ್ತಿಗೆ ಅವನ ಅರ್ಧ ನಾಲಿಗೆ ಹೋಗಿರಬಹುದು. ತನ್ನದೊಂದು ಎಳೆ ಗೊತ್ತಿಲ್ಲದ ಹೆಂಗಸೊಬ್ಬಳ ಮನೆಗೆ ಹೋಗಿ ಅಷ್ಟೆಲ್ಲ ಮಾಡಿತೆಂದು ಅವನಿಗೆ ಯಾರೂ ಹೇಳುವುದಿಲ್ಲ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಗಡಿಯಾರ ಗೋಡೆಯ ಮೇಲಿದ್ದರೂ ಅವಳು ಕೆಲಸದ ಹೊತ್ತನ್ನು ಅಳೆಯುತ್ತಿದ್ದದ್ದು ಪದ್ಯಗಳಿಂದ. ನೀಲಿ ಬಣ್ಣಕ್ಕೆ ಹನ್ನೆರಡು ಪದ್ಯ, ಕೆಂಪಿಗೆ ಮೂರು. ಅವಳ ತಾಯಿ ಪ್ರತಿ ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟುಕೊಂಡು ಹೇಳುತ್ತಿದ್ದ ಆರಾರು ಸಾಲಿನ ಪದ್ಯಗಳು. ಅವಳು ಕೂತು ಕಲಿತವಳಲ್ಲ. ಪಾತ್ರೆ ತೊಳೆಯುತ್ತ, ಜಡೆ ಹೆಣೆದುಕೊಳ್ಳುತ್ತ ಕಿವಿಗೆ ಬಿದ್ದದ್ದಷ್ಟೆ. ಎಲ್ಲಾದರೂ ಸಾಲು ತಪ್ಪಿದರೆ ಸಂಜೆ ಕೇಳಿದರಾಗುತ್ತಿತ್ತು. ತಾಯಿ ಹೋಗಿ ಎಂಟು ತಿಂಗಳು. ಆ ದಿನ, ನಾಲಿಗೆಯ ಬ್ಲಾಕು ಮುಗಿಯುವ ಹೊತ್ತಿಗೆ, ಒಂದು ಪದ್ಯದ ನಾಲ್ಕನೆಯ ಸಾಲು ಸಿಗಲಿಲ್ಲ. ಐದನೆಯದು ಇತ್ತು, ಆರನೆಯದು ಇತ್ತು, ನಡುವೆ ಬಾಯಿ ತೆರೆದುಕೊಂಡ ಜಾಗ. ಸಂಜೆ ಕೇಳೋಣ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು, ಅವಳು ಅಲ್ಲಿರಲಿಲ್ಲ. ಕಾಗದದ ಪಟ್ಟಿ ಎಳೆದದ್ದು ನೆನಪಿಲ್ಲ, ಕಳಿಸುವ ಮೊದಲು ಸ್ಲೈಡು ನೋಡಿದ್ದೂ ನೆನಪಿಲ್ಲ.

ಡಾಕ್ಟರು ಬಂದು ನೀರು ಕುಡಿದು ಕೂತರು. "ನಿಲ್ಲಿಸ್ದೆ," ಎಂದರು. ಸರ್ಜನ್ನರು ಮೊದಲು ಕೂಗಾಡಿದರಂತೆ, ಆಮೇಲೆ ಕೈ ಹಿಡಿದುಕೊಂಡರಂತೆ. ನಾಳೆಯದು ರದ್ದು. ಮುಂದಿನ ಮಂಗಳವಾರ ಆ ಉಂಗುರದಷ್ಟು ತೆಗೆಯುವ ಸಣ್ಣ ಚಿಕಿತ್ಸೆ, ಬಿಸಿ ತಂತಿಯಿಂದ, ಇಪ್ಪತ್ತು ನಿಮಿಷ, ಅವತ್ತೇ ಮನೆಗೆ. ಮಕ್ಕಳಾಗುವುದಕ್ಕೆ ಅಡ್ಡಿ ಇಲ್ಲ.

ತಪ್ಪುಗಳನ್ನು ಬರೆಯುವ ಪುಸ್ತಕವೊಂದಿತ್ತು. ಅವಳು ದಿನಾಂಕ ಹಾಕಿ, ಆದದ್ದನ್ನೆಲ್ಲ ಬರೆದು, ಕೊನೆಗೆ ನನ್ನಿಂದ ಆದದ್ದು ಎಂದು ಬರೆದಳು. ಡಾಕ್ಟರು ಓದಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಎಣಿಸದೆ ಸಹಿ ಮಾಡಿದವನು ನಾನು. ಆಮೇಲೆ ತಪ್ಪಾದ ದಿನದ ನಲವತ್ತೊಂದು ಸ್ಲೈಡನ್ನೂ ಇಬ್ಬರೂ ಕೂತು ಬ್ಲಾಕಿನ ಜೊತೆ ತಾಳೆ ನೋಡಿದರು. ಎರಡು ದಿನ ಹಿಡಿಯಿತು. ಬೇರೆ ಯಾವುದರಲ್ಲೂ ಹೆಚ್ಚಿನ ಚೂರು ಸಿಗಲಿಲ್ಲ. ಕೊನೆಯ ಸ್ಲೈಡು ಇಳಿಸಿದಾಗ, ಪದ್ಯದ ವಿಷಯವನ್ನು ಅವಳು ಅವರಿಗೆ ಹೇಳಿದಳು. ಮರುದಿನ ಅವಳ ಮೇಜಿನ ಮೇಲೆ ಗಂಟೆ ಬಾರಿಸುವ ಪುಟ್ಟ ಗಡಿಯಾರವೊಂದಿತ್ತು.

ಕೌಂಟರಿನವನು ಬಂದದ್ದು ಅದರ ಮರುದಿನ. "ಅಕ್ಕ, ಒಂದು ವಿಚಿತ್ರ ಕೇಳಿ. ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂದಿದೆ, ಮನುಷ್ಯರು ಸ್ವೀಟ್ ತರ್ತಾರೆ. ಈಯಮ್ಮ ಜಗಳಕ್ಕೆ ಬಂದಿದಾಳೆ. ಮೊದಲ್ನೇ ಕಾಗದ ಯಾರು ಬರೆದದ್ದು, ಅವರ ಮುಖ ನೋಡ್ಬೇಕು ಅಂತಾಳೆ. ನಮ್ಮಲ್ಲಿ ಯಾರಿಗೂ ಮುಖ ಇಲ್ಲಮ್ಮ, ಬರೀ ನಂಬರು ಅಂದೆ. ಹೋದ್ಲು."

ಅವನು ನಕ್ಕ. ಅವಳು ನಗಲಿಲ್ಲ, ಅದು ಅವನಿಗೆ ಹೊಸದೇನಲ್ಲ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಚೂರಿನ ಜೊತೆ ಆಸ್ಪತ್ರೆಯಿಂದ ಬಂದ ಅರ್ಜಿಯ ಮೇಲ್ಭಾಗ ಓದಿದಳು. ಅಲ್ಲಿಯವರೆಗೆ ಅವಳು ನೋಡುತ್ತಿದ್ದದ್ದು ನಂಬರು, ಅಂಗ, ವಯಸ್ಸು. ಮೇಲೆ ಬೀದಿಯೂ ಕಸುಬೂ ಇದ್ದವು. ಬಟ್ಟೆ ತಿದ್ದುವ ಅಂಗಡಿ. ಮೇಲೆ ಹೋಗಿ ಡಾಕ್ಟರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹೋಗ್ಬೇಡಿ ಅಂತ ನಾನು ಹೇಳ್ಬೇಕು. ಹೇಳ್ದೆ."

ಶನಿವಾರ ಮಧ್ಯಾಹ್ನ ಅವಳು ಹೋದಳು. ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ಒಂದು ನಿಲುಗನ್ನಡಿ, ಪರದೆ ಕಟ್ಟಿದ ಒಂದು ಮೂಲೆ. ಗೋಡೆಯುದ್ದಕ್ಕೂ ಚೀಟಿ ಚುಚ್ಚಿದ ಬಟ್ಟೆಗಳು ತೂಗಾಡುತ್ತಿದ್ದವು. ದರ್ಜಿ ನೆಲದ ಮೇಲೆ ಮಂಡಿಯೂರಿ ಪ್ಯಾಂಟೊಂದರ ಅಂಚು ಮಡಚುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಗುಂಡುಪಿನ್ನುಗಳು. ತೆಳ್ಳಗಿದ್ದಳು, ಕೂದಲು ಬಿಗಿಯಾಗಿ ಎತ್ತಿ ಕಟ್ಟಿದ್ದಳು.

"ಬನ್ನಿ ಆಂಟಿ," ಎಂದಳು ಪಿನ್ನುಗಳ ಸಂದಿಯಿಂದಲೇ. "ಮಡಿಸ್ಬೇಕಾ, ಬಿಡಿಸ್ಬೇಕಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅದೇ ಸಾಲಿನಲ್ಲಿ ಬರಲಿಲ್ಲ. "ನಿಮ್ಮ ಮೊದಲ್ನೇ ರಿಪೋರ್ಟು," ಎಂದು ಶುರುಮಾಡಿ ನಿಂತಳು. ಆಮೇಲೆ, "ಆ ಸ್ಲೈಡು ಮಾಡಿದ್ದು ನಾನು. ಮುಖ ನೋಡ್ಬೇಕು ಅಂದಿದ್ರಂತೆ."

ದರ್ಜಿ ಪಿನ್ನುಗಳನ್ನು ಕೈಗೆ ತೆಗೆದುಕೊಂಡಳು. ನೋಡಿದಳು. ನೋಡಬೇಕೆಂದಿದ್ದವರು ಹೇಗೆ ನೋಡುತ್ತಾರೋ ಹಾಗೆ, ಅವಸರವಿಲ್ಲದೆ, ಹಣೆಯಿಂದ ಚಪ್ಪಲಿಯವರೆಗೆ. ಆಮೇಲೆ ಸ್ಟೂಲೊಂದನ್ನು ಕಾಲಿನಿಂದ ತಳ್ಳಿದಳು.

ಮೇಣದಕ್ಕ ಕೂತು ಎಲ್ಲವನ್ನೂ ಹೇಳಿದಳು. ಮೇಣ, ನೀರು, ಕಾಗದದ ಪಟ್ಟಿ, ಮೂರು ಚೂರು, ಎರಡು ನೆರಳು. ಪದ್ಯದ ಸಾಲಿನ ವಿಷಯ ಹೇಳಲಿಲ್ಲ. ನೆಪದಂತೆ ಕೇಳಿಸಬಹುದೆಂದು ಅನ್ನಿಸಿತು. ಇಷ್ಟುದ್ದ ಮಾತು ಅವಳು ತಾಯಿ ಹೋದ ಮೇಲೆ ಯಾರೊಡನೆಯೂ ಆಡಿರಲಿಲ್ಲ.

"ಅಂದ್ರೆ ಅದು ನಂದಲ್ಲ."

"ಅಲ್ಲ."

"ಯಾರದ್ದು?"

"ಒಬ್ಬರ ನಾಲಿಗೆ."

ದರ್ಜಿ ಮೂಗಿನಲ್ಲಿ ನಕ್ಕಳು. "ಒಂಬತ್ತು ದಿನ ಊರಿನ ನಾಲಿಗೆಯೆಲ್ಲ ನನ್ನ ಮೇಲೆ ಆಡಿತ್ತು. ಇದೊಂದು ಬಾಕಿ ಇತ್ತು ಅನ್ನಿ."

ಆಮೇಲೆ ಅವಳು ಹೇಳಿದ್ದನ್ನು ಮೇಣದಕ್ಕ ತಲೆ ತಗ್ಗಿಸಿ ಕೇಳಿದಳು. ಇನ್ನೆರಡು ತಿಂಗಳಿಗೆ ಮದುವೆ ಎಂದು ನಿಶ್ಚಯವಾಗಿತ್ತಂತೆ. ಅಪ್ಪ ಅಮ್ಮ ನೋಡಿದ್ದಲ್ಲ, ಅವಳೂ ಹುಡುಗನೂ ತಾವೇ ಮಾತಾಡಿಕೊಂಡದ್ದು, ನಾಲ್ಕು ವರ್ಷದಿಂದ. ರಿಪೋರ್ಟು ಬಂದ ಸಂಜೆ ಅವಳು ತಾನಾಗಿಯೇ ಅವನಿಗೆ ಹೇಳಿದಳು. ಮುಚ್ಚಿಡುವುದು ಬೇಡ ಅನ್ನಿಸಿತು. ಮಕ್ಕಳಾಗುವುದಿಲ್ಲ, ನಾನೂ ಎಷ್ಟು ದಿನವೋ, ಯೋಚನೆ ಮಾಡು ಎಂದಳು.

"ಯೋಚ್ನೆ ಮಾಡ್ದ. ಎರಡು ದಿನ. ಆಮೇಲೆ ಫೋನ್ ಬಂತು. ಅವನದಲ್ಲ, ಅವನ ಅಕ್ಕಂದು." ಬೆರಳುಗಳಲ್ಲಿ ಪಿನ್ನುಗಳನ್ನು ಒಂದೇ ಉದ್ದಕ್ಕೆ ಜೋಡಿಸುತ್ತಿದ್ದಳು. "ಈಗ ಹೊಸ ಕಾಗದ ತೋರಿಸಿದ್ರೆ ಬರ್ತಾನೆ. ಓಡೋಡಿ ಬರ್ತಾನೆ, ನಂಗೊತ್ತು. ಬಂದ ಮೇಲೆ ಏನ್ ಮಾಡ್ಲಿ? ಆ ಎರಡು ದಿನ ಇದ್ಯಲ್ಲ, ಅದನ್ನ ಯಾವ ಕಾಗದದಲ್ಲಿ ವಾಪಸ್ ಬರೀತೀರಿ?"

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಎಲ್ಲರೂ ಹೇಳ್ತಾರೆ, ಮದುವೆಗೆ ಮುಂಚೆ ಅವನ ಬಣ್ಣ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು ಅಂತ. ನೀವೂ ಅದೇ ಹೇಳೋಕೆ ಬಂದ್ರಾ?"

"ಇಲ್ಲ," ಎಂದಳು ಮೇಣದಕ್ಕ. "ಒಳ್ಳೇದಾಗಿಲ್ಲ."

ದರ್ಜಿಯ ಕೈ ನಿಂತಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು. ಎದ್ದು ಹೂಜಿಯಿಂದ ನೀರು ಬಗ್ಗಿಸಿ ತಂದುಕೊಟ್ಟಳು. ನೀರು ಕುಡಿಯುವಾಗ ಮೇಣದಕ್ಕನಿಗೆ ಯಂತ್ರದ ಪಕ್ಕ ಕತ್ತರಿಯ ಕೆಳಗಿಟ್ಟ ಆಸ್ಪತ್ರೆಯ ಅರ್ಜಿ ಕಂಡಿತು. ಮಂಗಳವಾರ, ಒಂಬತ್ತು ಗಂಟೆ. ಖಾಲಿ ಹೊಟ್ಟೆಯಲ್ಲಿ ಬರುವುದು. ಎಲ್ಲ ತುಂಬಿತ್ತು. ಜೊತೆಗೆ ಬರುವವರ ಹೆಸರು ಎಂಬಲ್ಲಿ ಪೆನ್ನು ಊರಿ ಎತ್ತಿದ ಒಂದು ಚುಕ್ಕೆ ಇತ್ತು. ಅವಳ ಕಣ್ಣು ತಾನಾಗಿ ಕೆಳಗಿನವರೆಗೂ ಓದಿತ್ತು. ನೋಡಬಾರದಿತ್ತೆಂದು ಆಮೇಲೆ ಅನ್ನಿಸಿತು.

ಅವಳ ನೋಟ ಎಲ್ಲಿ ನಿಂತಿತೆಂದು ದರ್ಜಿಗೆ ಗೊತ್ತಾಯಿತು. ಅಮ್ಮ ಹಾಸಿಗೆ ಬಿಟ್ಟು ಏಳುವುದಿಲ್ಲ, ಅಣ್ಣ ದೂರದಲ್ಲಿ ಲಾರಿ ಓಡಿಸುತ್ತಾನೆ, ಕೇಳಿದರೆ ಪಕ್ಕದ ಅಂಗಡಿಯವರು ಬಂದಾರು ಎಂದು ಕೇಳದೆಯೇ ಹೇಳಿದಳು. ಹೇಳಿ, ಮತ್ತೆ ಮಂಡಿಯೂರಿದಳು. ಪಿನ್ನುಗಳನ್ನು ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡು, ಪ್ಯಾಂಟಿನ ಇನ್ನೊಂದು ಕಾಲನ್ನು ಎಳೆದುಕೊಂಡಳು. ಮಾತು ಮುಗಿದಿತ್ತು. ಮೇಣದಕ್ಕ ಏಳಬೇಕಿತ್ತು.

ಏಳಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತೇ ಇದ್ದಳು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ತಾನು ಕೂತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಡಿಲಲ್ಲಿ ಇನ್ನೊಬ್ಬರ ಚೀಲ, ಒಳಗಿನಿಂದ ಯಾರಾದರೂ ಜೊತೆಗೆ ಬಂದವರು ಯಾರು ಎಂದು ಕೂಗಿದರೆ ನಾನು ಎಂದು ಏಳುವುದು.

"ಮಂಗಳವಾರ ನಾನು ಬರ್ಲಾಮ್ಮ?" ಎಂದಳು. "ಹೊರಗೆ ಕೂತಿರ್ತೀನಿ. ಮಾತಾಡಲ್ಲ. ಮನೆ ತನಕ ಬಿಟ್ಟು ಹೊರಟುಹೋಗ್ತೀನಿ."

ದರ್ಜಿ ಬಟ್ಟೆಯ ಅಂಚನ್ನು ಬೆರಳಿನಿಂದ ಗೀರಿ ಮಡಿಕೆ ಕೂರಿಸಿದಳು. ಬಾಯಲ್ಲಿದ್ದ ಮೊದಲ ಪಿನ್ನು ತೆಗೆದು ಚುಚ್ಚಿದಳು. ಎರಡನೆಯದು ಚುಚ್ಚಿದಳು. ಮೂರನೆಯದು. ನಾಲ್ಕನೆಯದನ್ನು ಕೈಯಲ್ಲೇ ಹಿಡಿದುಕೊಂಡು ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬೇಡ," ಎಂದಳು. "ನೀವು ಬರ್ಬೇಡಿ."